ಬಚ್ಚಲ ಕಿಟಕಿಯ ಗಾಜು

ವಾನ್‌ಝೌ
೯ ಸೆಪ್ಟೆಂಬರ್ ೨೦೧೨, ಭಾನುವಾರ

ಪ್ರೀತಿಯ ಸುಮೆಯ್ ಅಕ್ಕ,

ಈ ಬೆಳಿಗ್ಗೆ ಮುಖ ತೊಳೆಯುವಾಗ ಗಮನಿಸಿದೆ, ಬಚ್ಚಲ ಕಿಟಕಿಗೆ ಗಾಜೇ ಇಲ್ಲ. ಒಡೆದುಹೋದದ್ದಲ್ಲ, ತೆಗೆದದ್ದು. ಗಾಜು ಕೂರಿಸಲು ಮೆತ್ತಿದ್ದ ಪುಟ್ಟಿ ಒಂದು ಚೂರೂ ಉಳಿಯದ ಹಾಗೆ ಯಾರೋ ಕೂತು ಕೆರೆದಿದ್ದಾರೆ. ಎಷ್ಟು ತಾಳ್ಮೆಯ ಕೆಲಸವೆಂದರೆ, ಬಂದು ಮೂರು ದಿನವಾದರೂ ಅಲ್ಲಿ ಗಾಜಿಲ್ಲ ಎಂಬುದೇ ನನಗೆ ಕಂಡಿರಲಿಲ್ಲ. ಕೈ ಚಾಚಿದೆ, ಕೈ ಹೊರಗೆ ಹೋಯಿತು.

ಇದು ದೂರಲ್ಲ. ನೀನು ಕೊಡಿಸಿದ ಮನೆಯ ಬಗ್ಗೆ ದೂರಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಎರಡು ಕೋಣೆ, ಅಡುಗೆಮನೆ, ಬಚ್ಚಲು, ಆರನೇ ಮಹಡಿಯಿಂದ ಕೆಳಗೆ ನದಿ. ತಿಂಗಳಿಗೆ ಇನ್ನೂರೈವತ್ತು ಯುವಾನ್! ಕಾಲೇಜಿನಲ್ಲಿರುವ ಲಾವೋಸ್‌ನ ಹುಡುಗಿಯರು ಇದರ ಅರ್ಧದಷ್ಟು ಜಾಗಕ್ಕೆ ಎಂಟುನೂರು ಕೊಡುತ್ತಿದ್ದಾರೆ. ವಿದೇಶಿಯರೆಂದರೆ ಬಾಡಿಗೆ ಏರುವುದೇ ಈ ಊರಿನ ವಾಡಿಕೆ, ನನಗೊಬ್ಬಳಿಗೆ ಇಳಿದಿದೆ. ಯಾವ ಪುಣ್ಯಾತ್ಮರು ಸಿಕ್ಕಿದರು ಎಂದು ಅವರು ಕೇಳಿದರು. ನನ್ನ ತರಗತಿಯಲ್ಲಿ ನಾಲ್ಕು ವರ್ಷ ಪಕ್ಕದಲ್ಲಿ ಕೂತವಳ ಸೋದರಮಾವ ಎಂದೆ.

ನಿನ್ನ ಮಾವ ಪೊಲೀಸ್ ಠಾಣೆಗೂ ಜೊತೆಗೆ ಬಂದಿದ್ದರು, ನನ್ನ ವಿಳಾಸ ಬರೆಸಲು. ಪೊಲೀಸಿನವನು ವಿಳಾಸ ಓದಿ, ಮಾವನ ಮುಖ ನೋಡಿ, “ಈ ಮನೆನಾ?” ಎಂದು ಕೇಳಿದ. ಮಾವ ಸಿಗರೇಟು ನೀಡಿದರು. ಅವನು ಮುದ್ರೆ ಒತ್ತಿದ. ಬಿದಿರುಗೋಲಿನ ಹಮಾಲ ನನ್ನ ಪೆಟ್ಟಿಗೆಯನ್ನು ಆರು ಮಹಡಿ ಹೊತ್ತು ತಂದು ಹೊಸ್ತಿಲ ಹೊರಗೇ ಇಳಿಸಿದ. ಒಳಗಿಡಿ ಎಂದರೆ ಒಲ್ಲ, ನೀರು ಕೊಟ್ಟರೂ ಒಲ್ಲ. ನಾನು ಹೊರದೇಶದ ಹೆಣ್ಣು, ಒಂಟಿ, ಸಂಕೋಚವಿರಬೇಕು.

ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಎರಡನೇ ವಾಕ್ಯಕ್ಕೆ ನಿಂತುಬಿಡುತ್ತೇನೆ, ನಿನಗೆ ಗೊತ್ತು. ಹೇಗೂ ನಿನ್ನ ಬೆಟ್ಟದಲ್ಲಿ ಸಿಗ್ನಲ್ ಇಲ್ಲವಂತೆ. ಕಾಗದವೇ ವಾಸಿ. ಸಾಹಿತ್ಯ ಓದಿದವಳು ಈಗ ಹಗಲೆಲ್ಲ ಹಣ್ಣಿನ ಕಂಪನಿಯಲ್ಲಿ ಕೂತು ರಷ್ಯದ ವ್ಯಾಪಾರಿಗಳಿಗೆ ಕಿತ್ತಳೆಯ ಸಿಪ್ಪೆ ಎಷ್ಟು ತೆಳುವಾಗಿದೆ ಎಂದು ಬಣ್ಣಿಸಿ ಬರೆಯುತ್ತೇನೆ. ಭಾನುವಾರವಾದರೂ ಮನುಷ್ಯರೊಬ್ಬರಿಗೆ ಬರೆಯಬೇಡವೇ?

ಗಾಜಿಗೆ ಮಾವನಿಗೆ ಹೇಳಲೇ, ಅಥವಾ ನಾನೇ ಹಾಕಿಸಿಕೊಳ್ಳಲೇ?

ನಿನ್ನ ತಂಗಿ,
ಚೋಲ್ಪೊನ್


ಲ್ಯಾಂಗ್‌ಶಾನ್ ಬೆಟ್ಟ
೨ ಅಕ್ಟೋಬರ್ ೨೦೧೨

ಚೋಲ್ಪೊನ್,

ನಿನ್ನ ಕಾಗದ ಒಂಬತ್ತು ದಿನ ದಾರಿಯಲ್ಲಿತ್ತು. ಇನ್ನಷ್ಟು ದಿನ ನನ್ನ ಮೇಜಿನ ಮೇಲಿತ್ತು. ಕೆಲಸ.

ಈ ಶಾಲೆಯಲ್ಲಿ ನಲವತ್ತೊಂದು ಮಕ್ಕಳು, ಎರಡು ಕೋಣೆ. ಮಕ್ಕಳು ಎರಡು ತಾಸು ನಡೆದು ಬರುತ್ತವೆ, ಬಂದ ಮೇಲೆ ಮೊದಲು ಒಲೆಗೆ ಸೌದೆ ಹಾಕುತ್ತವೆ, ಆಮೇಲೆ ಪುಸ್ತಕ. ಅವರ ಭಾಷೆ ನನಗೆ ಬರುವುದಿಲ್ಲ. ನೀನು ಮೊದಲ ವರ್ಷ ತರಗತಿಯಲ್ಲಿ ತಲೆಯಾಡಿಸುತ್ತ ಕೂತಿರುತ್ತಿದ್ದೆಯಲ್ಲ, ಈಗ ನಾನು ಹಾಗೆ ಕೂತಿರುತ್ತೇನೆ. ಏನಾದರೂ ಒಳ್ಳೆಯ ಕೆಲಸ ಮಾಡಬೇಕು ಎಂದು ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ.

ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆಯೇ? ಯಾವ ಕೋಣೆಯಲ್ಲಿ ಮಲಗುತ್ತೀಯ? ಊಟ ಸೇರುತ್ತದೆಯೇ? ಕನಸು ಬೀಳುತ್ತದೆಯೇ? ನಗಬೇಡ, ಅಕ್ಕನಾಗಿ ಕೇಳುತ್ತಿದ್ದೇನೆ.

ಗಾಜಿನ ವಿಷಯ ಮಾವನಿಗೆ ಹೇಳಬೇಡ. ನಾನೇ ಮಾತಾಡುತ್ತೇನೆ. ಅದುವರೆಗೆ ಹಾಗೇ ಇರಲಿ. ಗಾಳಿ ಒಳ್ಳೆಯದು.

ಸುಮೆಯ್


ವಾನ್‌ಝೌ
೧೧ ನವೆಂಬರ್ ೨೦೧೨

ಪ್ರೀತಿಯ ಸುಮೆಯ್ ಅಕ್ಕ,

ನಿದ್ದೆ ಚೆನ್ನಾಗಿದೆ. ಕಿಟಕಿಯಿರುವ ಸಣ್ಣ ಕೋಣೆಯಲ್ಲಿ ಮಲಗುತ್ತೇನೆ. ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಎತ್ತರ ಗುರುತು ಹಾಕಿಕೊಂಡಿದ್ದಾರೆ, ಒಂದರ ಮೇಲೊಂದು ಗೆರೆ. ಕೊನೆಯ ಗೆರೆ ನನ್ನ ಹುಬ್ಬಿಗೆ ಬರುತ್ತದೆ. ಕನಸು ಬೀಳುವುದಿಲ್ಲ.

ಈ ಊರಿನಲ್ಲಿ ಅಗ್ಗವಾಗಿ ಬದುಕುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈಗ ನಾನು ಒಂದು ಪುಸ್ತಕವನ್ನೇ ಬರೆದುಕೊಡಬಲ್ಲೆ. ಸಂಜೆ ಸಂತೆ ಎತ್ತುವ ಹೊತ್ತಿಗೆ ಹೋಗಬೇಕು. ಗೆಣಸಿನ ಸೊಪ್ಪು, ಸಾಸಿವೆ ದಂಟು ಹೊತ್ತುಕೊಂಡು ಬೆಟ್ಟ ಹತ್ತುವುದಕ್ಕಿಂತ ನಮಗೆ ಕೊಟ್ಟುಹೋಗುವುದು ಮಾರುವವರಿಗೂ ಹಗುರ. ಬೆಳಗಿನ ನೂಡಲ್ಸಿಗೆ ಸೇತುವೆಯ ಕೆಳಗಿನ ಅಂಗಡಿ. ಅಂಗಡಿಯವಳು ನನ್ನನ್ನು ‘ಉದ್ದಮೂಗು’ ಎಂದು ಕರೆಯುತ್ತಾಳೆ, ಆದರೆ ಎರಡನೇ ಸಲ ಸಾರು ಹಾಕುತ್ತಾಳೆ. ಬಸ್ಸು ಸುತ್ತಿ ಬರುವಲ್ಲಿ ಮೆಟ್ಟಿಲು ನೆಟ್ಟಗೆ ಇಳಿಯುತ್ತದೆ. ಪೆಟ್ಟು ತಿಂದ ಕಿತ್ತಳೆ ಕಂಪನಿಯಿಂದ ಪುಕ್ಕಟೆ. ಹೀಗೆ ಉಳಿಸಿದ್ದನ್ನು ನಮ್ಮೂರು ನಾರಿನ್‌ಗೆ, ನನ್ನ ಅಮ್ಮನಿಗೆ ಕಳಿಸುತ್ತೇನೆ. ಅಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಾಳಂತೆ: ನನ್ನ ಮಗಳು ಚೀನಾದಲ್ಲಿ ನದಿಗೆ ಮುಖ ಮಾಡಿದ ಮನೆಯಲ್ಲಿದ್ದಾಳೆ.

ಎದುರು ಮನೆಯ ಮೌ ಅಜ್ಜಿಯ ಪರಿಚಯವಾಯಿತು. ಅಣೆಕಟ್ಟಿನ ನೀರು ಏರಿದಾಗ ಕೆಳಗಿನ ಬೀದಿಯಿಂದ ಇಲ್ಲಿಗೆ ಬಂದವರು. ಇಂದಿಗೂ ನೀರಿನತ್ತ ಗಲ್ಲ ಚಾಚಿ, “ನಮ್ಮನೇಲಿ ಒಂದು ಒಳ್ಳೆ ಒರಳಿತ್ತು, ಅಲ್ಲೇ ಐತೆ” ಎನ್ನುತ್ತಾರೆ. ನಮ್ಮ ಎರಡು ಮನೆಗಳ ಹಿಂಭಾಗ ಒಂದೇ ಸಂದಿಗೆ ತೆರೆಯುತ್ತದೆ. ಅವರ ಅಡುಗೆಮನೆಯಿಂದ ನನ್ನ ಬಚ್ಚಲ ಕಿಟಕಿ ಕಾಣುತ್ತದೆ. ದಿನಾ ಬೆಳಿಗ್ಗೆ ಅನ್ನಕ್ಕಿಡುವ ಮೊದಲು ಅತ್ತ ಒಮ್ಮೆ ನೋಡುತ್ತಾರೆ. ವಿದೇಶಿ ಹೆಣ್ಣು ಸ್ನಾನ ಮಾಡುವುದು ಹೇಗೆ ಎಂಬ ಕುತೂಹಲವಿರಬೇಕು. ಒಳಗೆ ಬನ್ನಿ ಎಂದರೆ ಮಾತ್ರ ಬಾಗಿಲಲ್ಲೇ ನಿಲ್ಲುತ್ತಾರೆ.

ಶುಕ್ರವಾರ ಸಂಜೆ ನಾನು ಏಳು ರೊಟ್ಟಿ ಕರಿಯುತ್ತೇನೆ. ನಿನಗೆ ಹಿಂದೊಮ್ಮೆ ಹೇಳಿದ್ದೆ: ನಮ್ಮಲ್ಲಿ ಶುಕ್ರವಾರ ಸತ್ತವರು ಮನೆಗೆ ಬರುತ್ತಾರೆ. ಅವರು ತಿನ್ನುವುದಿಲ್ಲ. ಕಾದ ಎಣ್ಣೆಯ ಪರಿಮಳ ಕುಡಿದು ಹೋಗುತ್ತಾರೆ. ಮಾರ್ಚಿನಲ್ಲಿ ನನ್ನ ಅಜ್ಜಿ ತೀರಿಕೊಂಡಾಗ ಟಿಕೇಟಿಗೆ ಆಗದೆ ನಾನು ಹೋಗಲಿಲ್ಲವಲ್ಲ. ಹಾಸ್ಟೆಲಿನಲ್ಲಿ ಒಲೆ ಇರಲಿಲ್ಲ. ಈಗ ನನಗೊಂದು ಅಡುಗೆಮನೆಯಿದೆ. ಏಳನ್ನೂ ತಟ್ಟೆಯಲ್ಲಿಟ್ಟು ಕಿಟಕಿಯ ಬಳಿ ಎಡೆ ಇಡುತ್ತೇನೆ, ಬಾಯಿಗೆ ಬಂದಷ್ಟು ಪ್ರಾರ್ಥನೆ ಹೇಳುತ್ತೇನೆ.

ಒಂದು ವಿಚಿತ್ರ. ಮೂರು ಶುಕ್ರವಾರದಿಂದ ಒಬ್ಬ ಹೆಂಗಸು, ಐವತ್ತರ ಆಸುಪಾಸು, ಸೊಪ್ಪಿನ ಚೀಲ ಹಿಡಿದು ಐದನೇ ಮಹಡಿಯ ತಿರುವಿನಲ್ಲಿ ನಿಂತಿರುತ್ತಾಳೆ. ನಾನು ಬಾಗಿಲು ತೆರೆದರೆ ಇಳಿದುಹೋಗುತ್ತಾಳೆ. ಯಾರು ಎಂದು ಅಜ್ಜಿಯನ್ನು ಕೇಳಿದೆ.

“ಅವಳಾ. ಅವಳಿಗೆ ಮೆಟ್ಲು ಹತ್ತೋಕೆ ದಮ್ಮಿಲ್ಲ, ನಿಂತ್ಕೋತಾಳೆ. ನೀನು ನಿನ್ ಕೆಲ್ಸ ಮಾಡು ಮಗಾ. ಒಳ್ಳೆ ಕೆಲ್ಸ ಮಾಡ್ತಿದೀಯ.”

ಏನು ಒಳ್ಳೆಯ ಕೆಲಸವೋ. ಕೇಳಲು ನಾಚಿಕೆಯಾಯಿತು.

ಗಾಜು ಇನ್ನೂ ಬಂದಿಲ್ಲ. ಚಳಿ ಶುರುವಾಗಿದೆ.

ನಿನ್ನ
ಚೋಲ್ಪೊನ್


ಲ್ಯಾಂಗ್‌ಶಾನ್ ಬೆಟ್ಟ
೫ ಡಿಸೆಂಬರ್ ೨೦೧೨

ಚೋಲ್ಪೊನ್,

ಈ ಪೊಟ್ಟಣದಲ್ಲಿ ಉಣ್ಣೆಯ ಕಾಲುಚೀಲ ಇದೆ, ಒಬ್ಬ ಹುಡುಗಿಯ ಅಜ್ಜಿ ಹೆಣೆದದ್ದು.

ಶುಕ್ರವಾರ ಕರಿಯುವುದನ್ನು ಸ್ವಲ್ಪ ಕಡಿಮೆ ಮಾಡುತ್ತೀಯಾ? ವಾಸನೆ ಮೆಟ್ಟಿಲ ತನಕ ಬರುತ್ತದೆ ಎಂದು ಯಾರೋ ನಮ್ಮಮ್ಮನ ಕಿವಿಗೆ ಹಾಕಿದ್ದಾರೆ. ಜನ ಏನೇನೋ ಮಾತಾಡುತ್ತಾರೆ. ಮೌ ಅಜ್ಜಿಗೆ ಬಾಯಿ ಜಾಸ್ತಿ, ಹೆಚ್ಚು ಬಳಕೆ ಬೇಡ.

ಗೋಡೆಯ ಗೆರೆಗಳನ್ನು ಅಳಿಸಬೇಡ.

ಸುಮೆಯ್


ವಾನ್‌ಝೌ
೨೦ ಜನವರಿ ೨೦೧೩, ಭಾನುವಾರ

ಸುಮೆಯ್ ಅಕ್ಕ,

ಮೊನ್ನೆ ಶುಕ್ರವಾರ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಈ ಚಳಿಗಾಲ ನಾನು ಸೋತೆ. ನಾರಿನ್‌ನಲ್ಲಿ ಹೊರಗೆ ಹಿಮ ಕಟ್ಟಿದರೂ ಒಳಗೆ ಒಲೆ ಉರಿಯುತ್ತದೆ. ಇಲ್ಲಿ ಒಳಗೂ ಹೊರಗೂ ಒಂದೇ ಮಂಜು. ಗಾಜಿಲ್ಲದ ಬಚ್ಚಲಲ್ಲಿ ಬಟ್ಟೆ ಬಿಚ್ಚಲು ಧೈರ್ಯ ಸಾಲದೆ ನಾಲ್ಕು ದಿನಕ್ಕೊಮ್ಮೆ ಸ್ನಾನ ಮಾಡುತ್ತಿದ್ದೆ. ನೀನು ಮಾವನಿಗೆ ಹೇಳುತ್ತೇನೆ ಎಂದಿದ್ದೆ, ಕಾದೆ. ಕೊನೆಗೆ ಶುಕ್ರವಾರ ಕಂಪನಿಯಿಂದ ಕಿತ್ತಳೆ ಪೆಟ್ಟಿಗೆಗೆ ಹೊದಿಸುವ ದಪ್ಪ ಪ್ಲಾಸ್ಟಿಕ್ ತಂದು, ಕಿಟಕಿಗೆ ಎರಡು ಪದರ ಅಂಟಿಸಿದೆ. ಅಂಚಿಗೆಲ್ಲ ಟೇಪು. ಬೆರಳು ತೂರದ ಹಾಗೆ. ಖರ್ಚಿಲ್ಲದೆ ಆಯಿತು ಎಂದು ಹೆಮ್ಮೆಪಟ್ಟೆ.

ರೊಟ್ಟಿ ಕರಿದು ಎಡೆ ಇಟ್ಟು, ಐದು ಗಂಟೆಗೆ ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ನಿಂತೆ. ಮೊದಲ ಸಲ ಬಚ್ಚಲು ಬೆಚ್ಚಗಾಯಿತು. ಬಿಸಿನೀರು ಬಿಟ್ಟುಕೊಂಡು ಸುಮ್ಮನೆ ನಿಂತಿದ್ದೆ, ಎಷ್ಟು ಹೊತ್ತೋ. ತಲೆ ಸಿಡಿಯತೊಡಗಿತು. ಮೈ ಕಾದಿದ್ದಕ್ಕಿರಬೇಕು ಎಂದುಕೊಂಡೆ. ಮೊಣಕಾಲು ನನ್ನದಲ್ಲ ಅನ್ನಿಸಿತು. ಕೂತುಕೊಂಡರೆ ಸುಖ ಅನ್ನಿಸಿತು, ಅಕ್ಕ. ಕೂತೆ.

ಆಗ ಯಾರೋ ಬಾಗಿಲು ಒಡೆಯುವ ಹಾಗೆ ಬಡಿದರು. ನಿಲ್ಲಿಸಲೇ ಇಲ್ಲ. ಆ ಸದ್ದಿಗೆ ಸಿಟ್ಟು ಬಂತು, ಆ ಸಿಟ್ಟಿನಿಂದಲೇ ಎದ್ದೆ. ಟವೆಲು ಸುತ್ತಿಕೊಂಡು ಗೋಡೆ ಹಿಡಿದು ಹೋಗಿ ಚಿಲಕ ತೆಗೆದೆ. ಮೌ ಅಜ್ಜಿ. ನಾಲ್ಕೂವರೆ ತಿಂಗಳಿಂದ ಹೊಸ್ತಿಲು ದಾಟದವರು ನನ್ನನ್ನು ತಳ್ಳಿಕೊಂಡು ನೆಟ್ಟಗೆ ಬಚ್ಚಲಿಗೆ ನುಗ್ಗಿದರು. ಗೀಸರ್ ಆರಿಸಿದರು. ಪ್ಲಾಸ್ಟಿಕ್ಕನ್ನು ಉಗುರಿನಿಂದ, ಹಲ್ಲಿನಿಂದ ಹರಿದರು. ಆಮೇಲೆ ನನ್ನನ್ನು ಎಳೆದು ತಂದು ಮೆಟ್ಟಿಲ ಮೇಲೆ ಗಾಳಿಗೆ ಕೂರಿಸಿ, ನನ್ನ ಮೇಲೆ ತಮ್ಮ ಕೋಟು ಹಾಕಿ, ಪಕ್ಕದಲ್ಲಿ ಕುಸಿದರು. ನಾನು ವಾಂತಿ ಮಾಡಿದೆ. ಅವರು ಬೆನ್ನು ಉಜ್ಜುತ್ತ ಹೇಳಿದರು:

“ಇನ್ನೊಂದು ಹುಡ್ಗೀನ ಕೆಳಗೆ ಹೊತ್ಕೊಂಡು ಹೋಗೋಕೆ ನನ್ ಸೊಂಟದಲ್ಲಿ ಶಕ್ತಿ ಇಲ್ಲ ಮಗಾ.”

ಇನ್ನೊಂದು ಎಂದರೇನು ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಗೊತ್ತಿಲ್ವಾ ನಿಂಗೆ? ಮತ್ತೆ ಶುಕ್ರವಾರ ಶುಕ್ರವಾರ ಯಾರಿಗ್ ಎಡೆ ಇಡ್ತಿದ್ದೆ?”

“ನಮ್ಮಜ್ಜಿಗೆ.”

ಅಜ್ಜಿ ಕೋಟನ್ನು ನನ್ನ ಕತ್ತಿನ ತನಕ ಎಳೆದರು. ಆಮೇಲೆ ಒಂದೊಂದಾಗಿ ಹೇಳಿದರು. ನಿನ್ನ ಮಾವನ ಮಗಳು ಯೆಝಿ. ಹತ್ತೊಂಬತ್ತು ವರ್ಷ. ಎರಡು ಚಳಿಗಾಲದ ಹಿಂದೆ ಇದೇ ಬಚ್ಚಲಲ್ಲಿ, ಇದೇ ಗೀಸರಿನ ಕಣ್ಣಿಗೆ ಕಾಣದ ಹೊಗೆಯಿಂದ. ಗೋಡೆಯ ಗೆರೆಗಳು ಅವಳವು. ಅಕಾಲದಲ್ಲಿ ಸತ್ತವರ ಮನೆಯನ್ನು ಈ ಊರಿನಲ್ಲಿ ಯಾರೂ ಕೊಳ್ಳುವುದಿಲ್ಲ, ಬಾಡಿಗೆಗೂ ಹಿಡಿಯುವುದಿಲ್ಲ. ಅದರೊಳಗೆ ಯಾರಾದರೂ ಒಂದು ವರ್ಷ ಉಂಡು, ಮಲಗಿ, ಮನುಷ್ಯರ ಉಸಿರು ತುಂಬಿದರೆ ಮಾತ್ರ ಮನೆ ಮತ್ತೆ ಮನೆಯಾಗುತ್ತದೆ. ಆಮೇಲೆ ಮಾರಬಹುದು. ಇಡೀ ಕಟ್ಟಡಕ್ಕೆ ಗೊತ್ತು. ಹಮಾಲನಿಗೆ ಗೊತ್ತು, ಪೊಲೀಸಿನವನಿಗೆ ಗೊತ್ತು. ನನಗೂ ಗೊತ್ತು ಎಂದೇ ಎಲ್ಲರೂ ತಿಳಿದಿದ್ದರು. ಗೊತ್ತಿದ್ದೂ ಬಂದಿದ್ದಾಳೆ, ಗೊತ್ತಿದ್ದೂ ಪರರ ಮಗುವಿಗೆ ವಾರವಾರ ಎಡೆ ಇಡುತ್ತಾಳೆ, ಈ ವಿದೇಶಿ ಹುಡುಗಿಯ ಎದೆ ದೊಡ್ಡದು ಎಂದು. ಮೆಟ್ಟಿಲ ತಿರುವಿನಲ್ಲಿ ನಿಲ್ಲುವವಳು ಯೆಝಿಯ ತಾಯಿ, ನಿನ್ನ ಅತ್ತೆ.

ಅಕ್ಕ, ದೆವ್ವಕ್ಕೆ ನಾನು ಹೆದರುವುದಿಲ್ಲ. ನಾವು ಸತ್ತವರನ್ನು ಕರೆದು ಕರೆದು ಎಣ್ಣೆ ಕಾಯಿಸುವ ಜನ. ನೀನು ಒಂದು ಮಾತು ಹೇಳಿದ್ದರೆ ಹೂಂ ಎಂದೇ ಬರುತ್ತಿದ್ದೆ. ಗೀಸರನ್ನು ಮಾತ್ರ ಬದಲಾಯಿಸಿಕೊಳ್ಳುತ್ತಿದ್ದೆ.

ನನಗೆ ಒಂದೇ ಒಂದು ತಿಳಿಯಬೇಕು. ನಿನಗೆ ಎಷ್ಟು ಗೊತ್ತಿತ್ತು?

ಚೋಲ್ಪೊನ್


ಲ್ಯಾಂಗ್‌ಶಾನ್ ಬೆಟ್ಟ
೩ ಫೆಬ್ರವರಿ ೨೦೧೩

ಚೋಲ್ಪೊನ್,

ಮುಂದಿನ ವಾರದ ನಮ್ಮ ಹೊಸ ವರ್ಷಕ್ಕೆ ಊರಿಗೆ ಬರುವುದಿಲ್ಲ ಎಂದು ಅಮ್ಮನಿಗೆ ತಿಳಿಸಿದ್ದೇನೆ. ಮಕ್ಕಳೆಲ್ಲ ಮನೆಗೆ ಹೋಗಿವೆ. ಶಾಲೆಯಲ್ಲಿ ನಾನೊಬ್ಬಳೇ ಇದ್ದೇನೆ. ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಎಲ್ಲ ಗೊತ್ತಿತ್ತು.

ಯೆಝಿ ಸತ್ತು ಒಂದೂವರೆ ವರ್ಷ ಮನೆ ಖಾಲಿ ಬಿದ್ದಿತ್ತು. ಮನೆಗೆ ಉಸಿರು ಬೇಕು, ನಮ್ಮವರೇ ಒಬ್ಬ ಹೆಣ್ಣುಮಗಳು ವರ್ಷ ಇದ್ದರೆ ಸಾಕು ಎಂದು ಮಾವ ಅಮ್ಮನ ಹತ್ತಿರ ಬಂದರು. ಮನೆಯಲ್ಲಿ ಮದುವೆಯಾಗದ, ಕೆಲಸವಿಲ್ಲದ ಹೆಣ್ಣು ನಾನೊಬ್ಬಳೇ. “ಬರೀ ಮಲ್ಗೋದು ತಾನೇ, ಮಲ್ಗೋಕೂ ಮೈಗಳ್ಳತನಾನಾ?” ಎಂದಳು ಅಮ್ಮ. ನಾನು ಆ ಮನೆಯಲ್ಲಿ ಬೆಳೆದವಳು. ಆ ಬಚ್ಚಲಲ್ಲಿ ಅವಳ ತಲೆಗೆ ನಾನೇ ನೀರು ಹಾಕುತ್ತಿದ್ದೆ. ಮಾರನೆಯ ದಿನವೇ ಈ ಬೆಟ್ಟದ ಶಾಲೆಗೆ ಅರ್ಜಿ ಹಾಕಿದೆ. ಒಳ್ಳೆಯ ಕೆಲಸಕ್ಕೆ ಬಂದವಳಲ್ಲ ನಾನು.

ಹಾಗಾದರೆ ಮನೆಗೆ ಯಾರು ಎಂದು ಮಾವ ಕೇಳಿದರು. ನಾನು ನಿನ್ನ ಹೆಸರು ಹೇಳಿದೆ. ನಿನ್ನ ವಿಷಯ ಯಾರೂ ಎತ್ತಿರಲಿಲ್ಲ. ನಾನಾಗಿಯೇ ಹೇಳಿದೆ. ಹಾಸ್ಟೆಲು ಬಿಡಬೇಕಾಗಿದೆ, ಕೈಯಲ್ಲಿ ಕಾಸಿಲ್ಲ, ಯಾರನ್ನೂ ಏನೂ ಕೇಳುವವಳಲ್ಲ ಎಂದೆ. ಅಮ್ಮ ನಕ್ಕು ಒಪ್ಪಿಕೊಂಡಳು. “ಹೊರಗಿನೋಳಿಗೆ ನಮ್ ದೆವ್ವ ಏನ್ ಮಾಡುತ್ತೆ? ಅವಳ ಮಾತೇ ಅದಕ್ಕೆ ಬರಲ್ಲ.”

ಗೀಸರ್ ಬದಲಾಯಿಸಿದಿರಾ ಎಂದು ಮಾವನನ್ನು ಕೇಳಿದ್ದೆ. “ಬಚ್ಚಲದು ನಾನ್ ನೋಡ್ಕೊಂಡಿದೀನಿ” ಎಂದರು. ಎರಡನೇ ಸಲ ಕೇಳಲಿಲ್ಲ. ಆಮೇಲೆ ನಿನ್ನ ಮೊದಲ ಕಾಗದ ಬಂತು. ಕಿಟಕಿಗೆ ಗಾಜಿಲ್ಲ ಎಂದು ನೀನು ಬರೆದದ್ದನ್ನು ಓದಿದ ಕ್ಷಣವೇ ತಿಳಿಯಿತು, ಹಳೆಯ ಗೀಸರ್ ಅಲ್ಲೇ ಇದೆ, ಗಾಜು ಮಾತ್ರ ತೆಗೆದಿದ್ದಾರೆ ಎಂದು. ಗುಡ್ಡದ ಮೇಲೆ ನಿಂತರೆ ಎರಡು ಗೆರೆ ಸಿಗ್ನಲ್ ಸಿಗುತ್ತದೆ. ಹತ್ತಿದೆ. ನಿನ್ನ ನಂಬರು ಒತ್ತಿದೆ. ನೀನು ಹೋಗಿಬಿಟ್ಟರೆ ಅಮ್ಮ ನನ್ನನ್ನು ವಾಪಸು ಕರೆಯುತ್ತಾಳೆ ಎಂದು ಕತ್ತರಿಸಿದೆ. ಕೆಳಗಿಳಿದು ಬಂದು, ‘ಹಾಗೇ ಇರಲಿ, ಗಾಳಿ ಒಳ್ಳೆಯದು’ ಎಂದು ನಿನಗೆ ಬರೆದೆ.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮುಖವಿಲ್ಲ.

ಸುಮೆಯ್


ಲ್ಯಾಂಗ್‌ಶಾನ್ ಬೆಟ್ಟ
೨೦ ಮಾರ್ಚ್ ೨೦೧೩

ಚೋಲ್ಪೊನ್,

ನಿನ್ನಿಂದ ಕಾಗದ ಬರಲಿಲ್ಲ. ಬರುತ್ತದೆಂದು ಕಾಯಲೂ ನನಗೆ ಹಕ್ಕಿಲ್ಲ. ಮನೆ ಬಿಟ್ಟಿಲ್ಲ ಎಂದು ಅಮ್ಮನಿಂದ ತಿಳಿಯಿತು. ಯಾಕೆ ಬಿಟ್ಟಿಲ್ಲ ಎಂದು ಕೇಳುವ ಧೈರ್ಯವಿಲ್ಲ.

ಮಾವ ನಿನಗೆ ಬರೆಯಲು ಹೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆ ಗಿರಾಕಿ ಸಿಕ್ಕಿದ್ದಾರೆ. ನದಿಯಾಚೆಯ ಹಳ್ಳಿಯವರು, ಗಂಡಹೆಂಡತಿ. ಶರತ್ಕಾಲದಲ್ಲಿ ಮಗನ ಮದುವೆ, ಹೊಸ ಜೋಡಿಗಾಗಿ ಕೊಳ್ಳುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ. ಏಪ್ರಿಲ್ ಏಳು, ಭಾನುವಾರ ನೋಡಲು ಬರುತ್ತಾರೆ. ಬಾಡಿಗೆಗಿರುವವಳು ವಿದೇಶಿ, ಓದಿದವಳು ಎಂದು ಕೇಳಿ ಅವರಿಗೆ ಖುಷಿಯಾಗಿದೆಯಂತೆ, ನಿನ್ನನ್ನೇ ಕೇಳುತ್ತಾರಂತೆ, ಮನೆ ಹೇಗಿದೆ ಎಂದು. ಚೆನ್ನಾಗಿದ್ದೆ, ಚೆನ್ನಾಗಿ ನಿದ್ದೆ ಮಾಡಿದೆ ಎಂದು ಹೇಳಿದರೆ ಸಾಕು. ಅದು ಸುಳ್ಳಲ್ಲ, ನೀನೇ ಬರೆದಿದ್ದೆ.

ಆಗಸ್ಟ್ ತನಕ ಬಾಡಿಗೆ ಬೇಡ ಎಂದಿದ್ದಾರೆ ಮಾವ. ಇಷ್ಟೇ ಅಗ್ಗದ ಇನ್ನೊಂದು ಮನೆ ನಾನು ಹುಡುಕಿಕೊಡುತ್ತೇನೆ. ಅತ್ತೆಯನ್ನು ಈ ಊರಿನಿಂದ ದೂರ ಕರೆದೊಯ್ಯಬೇಕು, ಇಲ್ಲಿದ್ದರೆ ಅವಳು ಉಳಿಯುವುದಿಲ್ಲ ಎನ್ನುತ್ತಾರೆ ಮಾವ. ಅವಳಿಗಾಗಿ ಇಷ್ಟು ಮಾಡು.

ಸುಮೆಯ್


ವಾನ್‌ಝೌ
೬ ಏಪ್ರಿಲ್ ೨೦೧೩, ಶನಿವಾರ

ಸುಮೆಯ್,

ಈ ಬೆಳಿಗ್ಗೆ ಬಚ್ಚಲ ಕಿಟಕಿಗೆ ಗಾಜು ಬಂತು.

ನಿನ್ನ ಮಾವ ಎಂಟು ಗಂಟೆಗೇ ಗಾಜಿನ ಕೆಲಸದವನನ್ನು ಕರೆತಂದರು. ಕಾಲು ಗಂಟೆಯ ಕೆಲಸ. ಹೊಸ ಗಾಜು, ಹೊಸ ಪುಟ್ಟಿ, ಚೌಕಟ್ಟಿಗೆ ಒಂದು ಕೈ ಬಣ್ಣ. ಗೀಸರಿನ ಮೈಮೇಲಿನ ತುಕ್ಕನ್ನು ಅವರೇ ಮರಳು ಕಾಗದದಿಂದ ತಿಕ್ಕಿ, ಅದಕ್ಕೂ ಅದೇ ಬಿಳಿ ಬಣ್ಣ ಬಳಿದರು. ಗೀಸರ್ ಹಳೆಯದೇ. ನಾನು ಹಾಗೆಂದೆ. “ನೀರು ಕಾಯುತ್ತೆ ತಾನೇ?” ಎಂದರು. ಹೋಗುವಾಗ ನನ್ನ ಕೈಗೆ ಒಂದು ಡಬ್ಬಿ ಟೀಪುಡಿ ಕೊಟ್ಟು, “ನಾಳೆ ಬರೋರಿಗೆ ಇದ್ರಲ್ಲೇ ಮಾಡಮ್ಮ, ಒಳ್ಳೇದು” ಎಂದರು. ಅವರು ಕೆಟ್ಟವರಲ್ಲ ಎಂದು ನಂಬಲು ಮಧ್ಯಾಹ್ನದ ತನಕ ಪ್ರಯತ್ನಿಸಿದೆ.

ನಾನು ಯಾಕೆ ಮನೆ ಬಿಡಲಿಲ್ಲ ಎಂದು ನೀನು ಕೇಳಲಿಲ್ಲ. ಹೇಳುತ್ತೇನೆ. ಜನವರಿಯ ಆ ಶುಕ್ರವಾರದ ನಂತರ ನನ್ನ ಸ್ನಾನ ಮೌ ಅಜ್ಜಿಯ ಮನೆಯಲ್ಲಿ. ಅದಾದ ಮುಂದಿನ ಶುಕ್ರವಾರ ನಾನು ಒಲೆ ಹಚ್ಚಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ನಿನ್ನ ಅತ್ತೆ ತಿರುವಿನಲ್ಲಿ ನಿಂತಿದ್ದಳು. ಆರಾಯಿತು, ಆರೂವರೆಯಾಯಿತು. ಸೊಪ್ಪಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ನಿಂತೇ ಇದ್ದಳು. ನಾನು ಎದ್ದು ಹಿಟ್ಟು ಕಲಸಿದೆ. ಅಂದಿನಿಂದ ಹದಿನಾಲ್ಕು ಕರಿಯುತ್ತೇನೆ. ಏಳು ನನ್ನ ಅಜ್ಜಿಗೆ, ಏಳು ಯೆಝಿಗೆ. ಮೊದಲು ಇಟ್ಟದ್ದು ಯಾರಿಗೆ ಎಂದು ನಿನ್ನ ಅತ್ತೆಗೆ ನಾನಂತೂ ಹೇಳಿಲ್ಲ. ಮೌ ಅಜ್ಜಿಯೂ ಹೇಳಿಲ್ಲ. ಅಜ್ಜಿಗೆ ಬಾಯಿ ಜಾಸ್ತಿ ಎಂದಿದ್ದೆ ನೀನು.

ನಿನ್ನೆ ಶುಕ್ರವಾರ. ಮೊನ್ನೆ ತಾನೇ ನೀವೆಲ್ಲ ಸಮಾಧಿ ಗುಡಿಸುವ ಹಬ್ಬ ಕಳೆದಿತ್ತು, ನಿನ್ನ ಅತ್ತೆಯ ಚಪ್ಪಲಿಯಲ್ಲಿ ಗುಡ್ಡದ ಕೆಂಪು ಮಣ್ಣಿತ್ತು. ನಾನು ಬಾಗಿಲು ತೆರೆದಾಗ ಅವಳು ಇಳಿದುಹೋಗಲಿಲ್ಲ. ಹತ್ತಿ ಬಂದಳು. ಒಳಗೂ ಬಂದಳು. ಪೆನ್ಸಿಲ್ ಗೆರೆಗಳ ಮುಂದೆ ನಿಂತಳು, ಮುಟ್ಟಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿ ನೋಡಿ, “ಅವಳಿಗೆ ಸಕ್ಕರೆ ಹಾಕಿದ್ರೆ ಇಷ್ಟ” ಎಂದಳು. ಏಳರ ಮೇಲೂ ಸಕ್ಕರೆ ಉದುರಿಸಿದೆ.

ಆಮೇಲೆ ಬಚ್ಚಲಿಗೆ ಹೋಗಿ ಆ ಖಾಲಿ ಚೌಕಟ್ಟಿನಲ್ಲಿ ಕೈ ಹಾಕಿದಳು. ನಾನು ಮೊದಲ ದಿನ ಚಾಚಿದ ಹಾಗೆಯೇ.

“ಅವತ್ತು ಚಳಿ ಆಗುತ್ತೆ ಅಂದ್ಲು. ನಾನೇ ಮುಚ್ಚಿದ್ದು ಈ ಕಿಟ್ಕೀನ. ಹೊರಗಿಂದ ಕೂಗಿ ಕೇಳ್ದೆ, ಈಗ ಬೆಚ್ಚಗಿದ್ಯಾ ಅಂತ. ಹೂಂ ಅಂದ್ಲು.”

ಚೌಕಟ್ಟಿನ ಅಂಚನ್ನು ಬೆರಳಿನಿಂದ ಸವರಿದಳು.

“ಅವಳನ್ನ ಮಣ್ಣು ಮಾಡಿ ಬಂದು, ತರಕಾರಿ ಚಾಕು ತಗೊಂಡು ಕೂತು ಗಾಜು ತೆಗ್ದೆ. ಇನ್ಯಾರೂ ಮುಚ್ಚಬಾರ್ದು ಅಂತ.”

ಹಾಗಾದರೆ ಅದೂ ನಿನ್ನ ಮಾವ ಮಾಡಿದ್ದಲ್ಲ, ಸುಮೆಯ್. ಅವರು ಏನನ್ನೂ ಮಾಡಿರಲಿಲ್ಲ. ಈ ಮನೆಯಲ್ಲಿ ನನಗಾಗಿ ಯಾರಾದರೂ ಏನಾದರೂ ಮಾಡಿದ್ದರೆ ಅದು ನನ್ನ ಹೆಸರೂ ಗೊತ್ತಿಲ್ಲದ ಆ ಹೆಂಗಸು, ನಾನು ಬರುವ ಎಷ್ಟೋ ಮೊದಲು, ಒಂದು ಚಾಕು ಹಿಡಿದು. ಅದರ ಮೇಲೆ ನಾನು ಎರಡು ಪದರ ಪ್ಲಾಸ್ಟಿಕ್ ಅಂಟಿಸಿದೆ. ಅವಳಿಗೆ ಅದನ್ನೂ ಹೇಳಿಲ್ಲ.

ಮನೆ ಮಾರುವುದು ನಿಮಗೆ ಇಷ್ಟವೇ ಎಂದು ಕೇಳಿದೆ. “ನನ್ನನ್ನ ಯಾರು ಕೇಳಿದ್ರು?” ಎಂದಳು. ಸಕ್ಕರೆ ಹಾಕಿದ ಒಂದು ರೊಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಇಳಿದಳು. ಗಾಜು ವಾಪಸು ಬರುತ್ತದೆ ಎಂದು ನಿನ್ನೆ ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಈಗ ಮುಸ್ಸಂಜೆ. ಬಚ್ಚಲಲ್ಲಿ ಬಣ್ಣದ ವಾಸನೆಯಿದೆ, ಕಿಟಕಿ ಚೆನ್ನಾಗಿ ಕಾಣುತ್ತದೆ. ನದಿಯಾಚೆಯ ಆ ತಾಯಿಗೆ ಖಂಡಿತ ಇಷ್ಟವಾಗುತ್ತದೆ. ಸೊಸೆಗೆ ಚಳಿಯಾಗಬಾರದು ಎಂದು ಅವಳೂ ಮುಚ್ಚಿಕೊಡುತ್ತಾ ಹೋಗುತ್ತಾಳೆ.

ನಾಳೆ ನಾನು ಮನೆಯಲ್ಲೇ ಇರುತ್ತೇನೆ ಎಂದು ನಿನ್ನ ಮಾವನಿಗೆ ಹೇಳಿದ್ದೇನೆ. ಅವರಿಗೆ ಸಂತೋಷವಾಗಿದೆ. ಅವರ ಟೀಪುಡಿಯಲ್ಲೇ ಟೀ ಮಾಡುತ್ತೇನೆ. ಮನೆ ಹೇಗಿದೆ ಎಂದು ನೋಡಲು ಬಂದವರು ಕೇಳಿದರೆ, ಚೆನ್ನಾಗಿ ನಿದ್ದೆ ಮಾಡಿದೆ ಎಂದು ನೀನು ಬರೆದುಕೊಟ್ಟ ಹಾಗೆಯೇ ಹೇಳುತ್ತೇನೆ. ಆಮೇಲೆ ಸಣ್ಣ ಕೋಣೆಗೆ ಕರೆದೊಯ್ದು ಗೋಡೆಯ ಗೆರೆ ತೋರಿಸುತ್ತೇನೆ. ಆಮೇಲೆ ಬಚ್ಚಲು. ಗೀಸರಿನ ಮೇಲೆ ಕೈಯಿಟ್ಟು ಯೆಝಿಯ ಹೆಸರು ಹೇಳುತ್ತೇನೆ, ವಯಸ್ಸು ಹೇಳುತ್ತೇನೆ. ನಾನು ಎಲ್ಲಿ ಕೂತಿದ್ದೆ ಎಂಬುದನ್ನೂ. ಜೋರಾಗಿ ಮಾತಾಡಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಬಚ್ಚಲು ಚಿಕ್ಕದು, ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ.

ಸೋಮವಾರ ಈ ಮನೆ ಬಿಡುತ್ತೇನೆ. ಕಂಪನಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಕಿಟಕಿಯಿಂದ ಗೋಡೆ ಕಾಣುತ್ತದೆ, ಬಾಡಿಗೆ ಏಳುನೂರು. ಎಲ್ಲ ವಿದೇಶಿಯರ ಹಾಗೆ. ನನಗೆ ಬೇರೆ ಮನೆ ಹುಡುಕಬೇಡ.

ನಿನಗೆ ಫೋನ್ ಮಾಡಬಹುದಿತ್ತು. ಗುಡ್ಡ ಹತ್ತಿದರೆ ಎರಡು ಗೆರೆ ಸಿಗ್ನಲ್ ಸಿಗುತ್ತದೆ ಎಂದು ನೀನೇ ಬರೆದಿದ್ದೀಯ. ಆದರೆ ಕಾಗದ ನಿನ್ನನ್ನು ತಲುಪಲು ಒಂಬತ್ತು ದಿನ ಬೇಕು, ನಾಳೆಗೆ ಇನ್ನು ಒಂದೇ ರಾತ್ರಿ. ಅದಕ್ಕೇ ಕಾಗದ ಬರೆದೆ.

ಚೋಲ್ಪೊನ್